ಪುಣೆಯ ಡೀಸೆಲ್ ಕಾರು, ಹಿಮಾಲಯದ ಚಳಿ: ಮೂರು ಉಪಾಯ ಮಾಡಿ ನೋಡಿದೆ

ಪುಣೆಯ ಚಳಿಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ ಅಲ್ವಾ? ಡೀಸೆಲ್ ಕಥೆಯೂ ಅದೇ. ಅದರಲ್ಲಿರುವ ಮೇಣ ಚಳಿಗೆ ಹರಳಾಗಿ, ಮೊದಲು ಫಿಲ್ಟರ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಪುಣೆ ಪಕ್ಕದ ನಿಗಡಿಯಲ್ಲಿ ಇದರ ಚಿಂತೆಯೇ ಇಲ್ಲ. ನನಗೆ ಪಾಠವಾಗಿದ್ದು ಹಿಮಾಚಲದ ಸ್ಪಿತಿ ಕಣಿವೆಯ ಕಾಜಾದಲ್ಲಿ.

ಅಲ್ಲಿಗೆ ಹೋಗುವಾಗ ಪುಣೆಯಲ್ಲೇ ಕೊಂಡ ಅಡಿಟಿವ್ (ಚಳಿಗೆಂದು ಡೀಸೆಲ್‌ಗೆ ಬೆರೆಸುವ ದ್ರವ) ಬಾಟಲಿ ಡಿಕ್ಕಿಯಲ್ಲಿತ್ತು. ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದಾಗ ಸುರಿದೆ. ಏನೂ ಆಗಲಿಲ್ಲ. ಮಧ್ಯಾಹ್ನದ ಬಿಸಿಲು ಬಿದ್ದ ಮೇಲೆ ಇಂಜಿನ್ ಎದ್ದಿತು. ತಪ್ಪು ಬಾಟಲಿಯದಲ್ಲ, ನನ್ನದು. ಅಡಿಟಿವ್ ಹರಳು ದೊಡ್ಡದಾಗದಂತೆ ತಡೆಯುತ್ತದೆ, ಆಗಲೇ ಕಟ್ಟಿದ ಮೇಣವನ್ನು ಕರಗಿಸುವುದಿಲ್ಲ. ಮರುದಿನ ಸಂಜೆ, ಇಂಜಿನ್ ಬಿಸಿ ಇದ್ದಾಗಲೇ ಹಾಕಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದೆ. ಬೆಳಿಗ್ಗೆ ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು.

ಜೊತೆಗೆ ಬಂದಿದ್ದ ನಮ್ಮ ಬಾವ ತಮ್ಮ ಹಳೇ ಜೀಪಿಗೆ ಸೀಮೆಎಣ್ಣೆ ಬೆರೆಸಿದರು. ಜೀಪ್ ಬೇಗ ಎದ್ದಿತು, ನಿಜ. ಆದರೂ ನಾನು ಬೇಡ ಅನ್ನುತ್ತೇನೆ. ಪಂಪಿಗೆ ಜಿಡ್ಡು ಕೊಡುವುದೇ ಡೀಸೆಲ್. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಿಮೆ. ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಕಾಮನ್ ರೇಲ್ ಇಂಜಿನ್ನಿನ ಪಂಪ್, ಇಂಜೆಕ್ಟರ್ ಸವೆದರೆ ಖರ್ಚು ತುಂಬಾ ಜಾಸ್ತಿ.

ಮುಂದಿನ ಡಿಸೆಂಬರ್‌ನಲ್ಲಿ ಶ್ರೀನಗರದ ದಾರಿಯಾಗಿ ಲೇಹ್‌ಗೆ ಹೋದೆವು. ಅಲ್ಲಿ ಇಂಡಿಯನ್ ಆಯಿಲ್‌ನ ವಿಂಟರ್ ಡೀಸೆಲ್ ಹಾಕಿಸಿದೆ. 2019ರ ನವೆಂಬರ್‌ನಲ್ಲಿ ಲಡಾಖ್‌ಗೆ ಬಂದ ಈ ಡೀಸೆಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುತ್ತದೆ. ನಮ್ಮ ಸಾಮಾನ್ಯ ಡೀಸೆಲ್‌ಗೆ ಸರ್ಕಾರಿ ಮಾನಕದಲ್ಲಿ ಈ ಹರಿವಿನ ಮಿತಿ ಚಳಿಗಾಲದಲ್ಲೇ 3 ಡಿಗ್ರಿ, ಬೇಸಿಗೆಯಲ್ಲಿ 15. ಹಾಕಿಸಿದ ಮೇಲೆ ಊರಲ್ಲಿ ಒಂದು ಸುತ್ತು ಓಡಿಸಿದೆ. ಇಲ್ಲದಿದ್ದರೆ ಪೈಪು, ಫಿಲ್ಟರ್‌ನಲ್ಲಿ ಹಳೇ ಡೀಸೆಲ್ಲೇ ಉಳಿದಿರುತ್ತದೆ. ಮೂರು ದಿನವೂ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್! ಹಾಗಾಗಿ ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ. ಅಡಿಟಿವ್ ಇದು ಸಿಗದ ಊರಿಗೆ.

ಪೆಟ್ರೋಲ್ ಕಾರಿನವರಿಗೆ ಮೇಣದ ಕಾಟ ಇಲ್ಲ. ಟ್ಯಾಂಕಿನಲ್ಲಿ ಸೇರಿದ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ರಾತ್ರಿ ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ಗಾಳಿಯ ತೇವ ಕಡಿಮೆ.

ಬಾವ ಈ ಸಲ ಒಬ್ಬರೇ ಲೇಹ್‌ಗೆ ಹೊರಟಿದ್ದಾರೆ. ಊರು ಮುಟ್ಟುವ ಹೊತ್ತಿಗೆ ಟ್ಯಾಂಕ್ ಕಾಲುಭಾಗಕ್ಕೆ ಇಳಿದಿರಲಿ, ಅಲ್ಲಿ ಹೋಗಿ ವಿಂಟರ್ ಡೀಸೆಲ್ ತುಂಬಿಸಿ ಅಂತ ಹೇಳಿದ್ದೇನೆ.