ಮಳೆಗಾಲದಲ್ಲಿ ಡಿಟೇಲಿಂಗ್ ಶೆಡ್: ಯಾವ ಕೆಲಸ ಹಿಡಿಯಬೇಕು, ಯಾವುದು ಬೇಡ

ಹಿಮ ಬೀಳುವ ಊರುಗಳಲ್ಲಿ, ಗಾಡಿಯ ಒಳಹೊರಗನ್ನು ತೊಳೆದು ಪಾಲಿಶ್, ಕೋಟಿಂಗ್ ಮಾಡುವ ಕಾರ್ ಡಿಟೇಲಿಂಗ್‌ನವರಿಗೆ ಕೆಲಸ ಕಡಿಮೆಯಾಗುವುದು ಚಳಿಗಾಲದಲ್ಲಿ. ಮಂಗಳೂರು, ಉಡುಪಿ ಕಡೆ ಡಿಸೆಂಬರ್, ಜನವರಿ ಎಂದರೆ ಮದುವೆ, ಕೋಲ, ನೇಮಗಳ ಕಾಲ, ಶೆಡ್ ತುಂಬಿರುತ್ತದೆ. ಇಲ್ಲಿ ಕೈ ಖಾಲಿಯಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದರಲ್ಲೂ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ, ಶುಭಕಾರ್ಯಕ್ಕೆ ಒಳ್ಳೆಯದಲ್ಲ ಎನ್ನುವ ತುಳು ತಿಂಗಳು ಆಟಿಯಲ್ಲಿ ಹೊಸ ಗಾಡಿ ಮನೆಗೆ ತರುವವರು ಕಡಿಮೆ. ಹಾಗಾಗಿ ಹೊಸ ಕಾರಿನ ಕೋಟಿಂಗ್, ಪಿಪಿಎಫ್ (ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್) ಎರಡೂ ನಿಲ್ಲುತ್ತವೆ. ಬಾಡಿಗೆ, ಹುಡುಗರ ಸಂಬಳ, ಮೆಸ್ಕಾಂ ಬಿಲ್ ಮಾತ್ರ ನಿಲ್ಲುವುದಿಲ್ಲ. ಈ ನಾಲ್ಕು ತಿಂಗಳು ಶೆಡ್ ನಡೆಸಲು ಜನ ಹೇಳುವ ದಾರಿಗಳನ್ನು ನಾವು ಒಂದೊಂದಾಗಿ ಮಾಡಿ ನೋಡಿದ್ದೇವೆ. ಎಲ್ಲವೂ ಒಂದೇ ತೂಕದವಲ್ಲ.

ಎಲ್ಲರಿಗೂ ಮೊದಲು ಹೊಳೆಯುವುದು ವಾಷಿಂಗ್ ಮೇಲೆ ರಿಯಾಯಿತಿ. ತಿಂಗಳಿಗೆ ನಾಲ್ಕು ಫೋಮ್ ವಾಶ್ ಇಷ್ಟು ರೂಪಾಯಿ ಎಂದು ಬೋರ್ಡ್ ಹಾಕುವುದು. ಗಾಡಿಗಳು ಬರುತ್ತವೆ, ಹಣ ಉಳಿಯುವುದಿಲ್ಲ. ಹೊರಗೆ ಹೋದ ಗಾಡಿ ಸಂಜೆಗೆ ಮತ್ತೆ ಮುರಕಲ್ಲು ಮಣ್ಣಿನ ಕೆಂಪು ಕೆಸರು ಮೆತ್ತಿಕೊಳ್ಳುತ್ತದೆ, ಮಾಲೀಕರಿಗೆ ತೊಳೆಸಿದ ತೃಪ್ತಿಯೇ ಸಿಗುವುದಿಲ್ಲ. ಬೇಸಿಗೆಯಲ್ಲಿ ಅರ್ಧ ಗಂಟೆಯ ಕೆಲಸ ಮಳೆಗಾಲದಲ್ಲಿ ಒಂದು ಗಂಟೆ ಹಿಡಿಯುತ್ತದೆ. ವೀಲ್ ಆರ್ಚಿನ ಕೆಸರು ಒಂದು ಕಾರಣ, ಒಣಗದ ಟವೆಲ್ ಇನ್ನೊಂದು. ಒದ್ದೆ ಮೈಕ್ರೋಫೈಬರ್‌ನಲ್ಲಿ ಮರಳಿನ ಕಣ ಉಳಿದರೆ ಪೇಂಟ್ ಮೇಲೆ ಸುತ್ತುಗೆರೆ ಬೀಳುತ್ತದೆ, ಅದನ್ನು ತೆಗೆಯುವ ಪಾಲಿಶ್ ಖರ್ಚು ನಮ್ಮ ತಲೆಗೇ. ಈ ಪ್ಯಾಕೇಜನ್ನು ಹಳೆಯ ಗಿರಾಕಿಗಳಿಗೆ ಮಾತ್ರ, ಅಂಡರ್‌ಬಾಡಿ ತೊಳೆಯುವುದನ್ನು ಸೇರಿಸಿ ಕೊಡಬಹುದು. ಮಲ್ಪೆ, ಸುರತ್ಕಲ್, ಉಳ್ಳಾಲದಂತಹ ಕಡಲ ಬದಿಯವರಿಗೆ ಉಪ್ಪಿನ ಕಾರಣಕ್ಕೆ ಅದು ನಿಜವಾಗಿಯೂ ಬೇಕು.

ಮನೆಬಾಗಿಲಿಗೆ ಹೋಗಿ ಮಾಡುವ ಕೆಲಸ ಕಾಗದದ ಮೇಲೆ ಚೆನ್ನಾಗಿದೆ. ಕದ್ರಿ, ಬಿಜೈ, ಮಣಿಪಾಲದ ಫ್ಲ್ಯಾಟ್‌ಗಳಲ್ಲಿ ಕೆಳಗೆ ಮಾಡು ಇರುವ ಪಾರ್ಕಿಂಗ್ ಇದೆ, ಮಳೆಯ ತೊಂದರೆ ಇಲ್ಲ. ಆದರೆ ಅಸೋಸಿಯೇಶನ್ ಒಪ್ಪಿಗೆ ಬೇಕು, ಕರೆಂಟ್ ಪಾಯಿಂಟ್ ಬೇಕು. ಸುಮಾರು 8 ಲೀಟರ್ ನೀರಿಗೆ 30 ಮಿಲಿ ಹಾಕುವ, ನೀರು ಹೊಡೆದು ತೊಳೆಯಬೇಕಿಲ್ಲದ ರಿನ್ಸ್‌ಲೆಸ್ ಶಾಂಪೂ ಧೂಳಿಗೆ ಸಾಕು. ಒಣಗಿದ ಕೆಂಪು ಕೆಸರಿಗೆ ಸಾಲದು. ನೀರು ಹೊಡೆಯದೆ ಆ ಕೆಸರನ್ನು ಒರೆಸಿದರೆ ಬಾಗಿಲಿನ ಕೆಳಭಾಗ ಪೂರ್ತಿ ಗೀರು. ಮನೆಬಾಗಿಲಿಗೆ ಒಳಗಿನ ವ್ಯಾಕ್ಯೂಮ್ ಮತ್ತು ಗಾಜಿನ ಕೆಲಸಕ್ಕೆ ಮಾತ್ರ ಹೋಗುವುದು ಲೇಸು.

ಗಾಜಿನ ಕೆಲಸ ಸಣ್ಣದು, ಲೆಕ್ಕದಲ್ಲಿ ಒಳ್ಳೆಯದು. ಮುಂದಿನ ಗಾಜಿಗೆ ನೀರು ಜಾರಿಸುವ ಕೋಟಿಂಗ್ ಹಾಕಲು ಒಂದು ಗಂಟೆ, ಸಾಮಾನು ಕೆಲವು ಮಿಲಿ ಮಾತ್ರ. ಕೆಡುವುದು ತಯಾರಿಯಲ್ಲಿ. ಗಾಜಿನ ಮೇಲಿನ ಎಣ್ಣೆಯ ಪದರ ತೆಗೆಯದೆ ಹಚ್ಚಿದರೆ ವೈಪರ್ ಕಟಕಟ ಎನ್ನುತ್ತದೆ, ರಾತ್ರಿ ಎದುರಿನ ಲೈಟಿಗೆ ಮಂಜು ಕಟ್ಟಿದಂತೆ ಕಾಣುತ್ತದೆ. ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಲ್ಲಿ ಕಲಸಿ ಫೆಲ್ಟ್ ಪ್ಯಾಡ್‌ನಲ್ಲಿ ಉಜ್ಜಿ, ನೀರು ಹಾಕಿದಾಗ ಹನಿಯಾಗದೆ ಹಾಳೆಯಂತೆ ಹರಡುವವರೆಗೆ ಬಿಡಬೇಡಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಕೋಟಿಂಗ್. ವೈಪರ್ ರಬ್ಬರ್ ಹಳೆಯದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ದೂರು ಕೋಟಿಂಗ್ ಮೇಲೆ ಬರುತ್ತದೆ. ನಮ್ಮ ಮಳೆಗೆ, ವೈಪರ್ ದಿನವೂ ಓಡುವಾಗ, ಎರಡು ಮೂರು ತಿಂಗಳಿಗಿಂತ ಹೆಚ್ಚು ಬಾಳಿಕೆ ಹೇಳಬೇಡಿ.

ಅಂಡರ್‌ಬಾಡಿ ಕೋಟಿಂಗ್ ವಿಷಯದಲ್ಲಿ ಗಿರಾಕಿಯ ಮನಸ್ಸೂ ಕಬ್ಬಿಣದ ಗುಣವೂ ಒಂದಕ್ಕೊಂದು ವಿರುದ್ಧ. ಜನ ಕೇಳಿಕೊಂಡು ಬರುವುದು ಜೂನ್‌ನಲ್ಲಿ, ಮಾಡಬೇಕಾದದ್ದು ಏಪ್ರಿಲ್, ಮೇಯಲ್ಲಿ. ತೊಳೆದ ನಂತರ ತಗಡುಗಳ ಜೋಡಣೆಯಲ್ಲಿ ಉಳಿದ ನೀರಿನ ಮೇಲೆ ರಬ್ಬರೈಸ್ಡ್ ಕೋಟಿಂಗ್ ಬಿದ್ದರೆ ನೀರು ಒಳಗೇ ಸಿಕ್ಕಿಬಿದ್ದು, ಹೊರಗೆ ಕಪ್ಪಗೆ ಚೆನ್ನಾಗಿ ಕಾಣುತ್ತಾ ಒಳಗಿನಿಂದ ತುಕ್ಕು ತಿನ್ನುತ್ತದೆ. ಮಳೆಗಾಲದಲ್ಲಿ ಬಂದವರನ್ನು ಹಿಂದೆ ಕಳಿಸಬೇಕಿಲ್ಲ. ತೊಳೆದು, ಬ್ಲೋವರ್ ಹೊಡೆದು, ಒಂದು ರಾತ್ರಿ ಮುಚ್ಚಿದ ಬೇಯಲ್ಲಿ (ಗಾಡಿ ನಿಲ್ಲಿಸಿ ಕೆಲಸ ಮಾಡುವ ಕೋಣೆ) ನಿಲ್ಲಿಸಿ, ಮೇಣದ ಆಧಾರದ ಕ್ಯಾವಿಟಿ ವ್ಯಾಕ್ಸ್ ಅನ್ನು ಉದ್ದ ನಳಿಕೆಯಲ್ಲಿ ಬಾಗಿಲಿನ ಕೆಳಭಾಗ, ಸಿಲ್ (ಬಾಗಿಲಿನ ಹೊಸ್ತಿಲು) ಒಳಗೆ ಹೊಡೆಯಿರಿ. ನೀರು ಇಳಿಯುವ ರಂಧ್ರಗಳು ಮುಚ್ಚಿಹೋಗದಂತೆ ಕೊನೆಗೆ ತಂತಿ ಹಾಕಿ ನೋಡಿ. ದಪ್ಪ ಕೋಟಿಂಗನ್ನು ಮುಂದಿನ ಬೇಸಿಗೆಗೆ ಬರೆದಿಟ್ಟುಕೊಳ್ಳಿ.

ಪೇಂಟ್ ಮೇಲೆ ಗಟ್ಟಿ ಪದರ ಕಟ್ಟುವ ಸೆರಾಮಿಕ್ ಕೋಟಿಂಗ್ ಮಳೆಗಾಲದಲ್ಲಿ ಆಗುವುದೇ ಇಲ್ಲ ಎಂಬುದು ತಪ್ಪು. ತೆರೆದ ಶೆಡ್ಡಿನಲ್ಲಿ ಆಗುವುದಿಲ್ಲ. ಗಾಳಿಯ ತೇವಾಂಶದೊಂದಿಗೆ ಸೇರಿಯೇ ಈ ಕೋಟಿಂಗ್ ಗಟ್ಟಿಯಾಗುವುದು, ಹಾಗಾಗಿ ತೇವ 90 ಶೇಕಡ ದಾಟಿದ ದಿನ ಒರೆಸಲು ಸಿಗುವ ಸಮಯ ಬಹಳ ಕಡಿಮೆ. ಬಾನೆಟ್ ಅರ್ಧ ಹಚ್ಚುವಷ್ಟರಲ್ಲಿ ಮೊದಲು ಹಚ್ಚಿದ ಕಡೆ ಹಿಡಿದುಕೊಂಡು ಕಪ್ಪು ಗೆರೆಯಾಗಿ ನಿಲ್ಲುತ್ತದೆ, ಅದು ಮತ್ತೆ ಪಾಲಿಶ್ ಮಾಡದೆ ಹೋಗುವುದಿಲ್ಲ. ಮುಚ್ಚಿದ ಬೇ, ಎಸಿ, ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಇದ್ದು ತೇವ 60ರ ಆಸುಪಾಸಿಗೆ ಇಳಿದರೆ, ಎರಡಡಿ ಚೌಕದಂತೆ ಹಚ್ಚಿ ಒರೆಸಿ ಮುಂದೆ ಹೋಗಬಹುದು. ಗಾಡಿ 24 ಗಂಟೆ ಒಳಗೇ ನಿಲ್ಲಬೇಕು. ಕೋಟಿಂಗ್ ಕಂಪನಿಗಳು ಒಂದು ವಾರ ಶಾಂಪೂ ಬೇಡ ಎನ್ನುತ್ತವೆ, ಆದರೆ ಜುಲೈಯಲ್ಲಿ ಗಾಡಿ ಎರಡನೇ ದಿನವೇ ಮಳೆಗೆ ಸಿಗುತ್ತದೆ. ಇದನ್ನು ಗಿರಾಕಿಗೆ ಮೊದಲೇ ಹೇಳಿ, ಸಾಧ್ಯವಾದರೆ ಆಟಿ ಮುಗಿದ ಮೇಲಿನ ಸೋಣ ತಿಂಗಳಿಗೆ ಬುಕ್ ಮಾಡಿಸಿ.

ಇನ್ನು ನಮ್ಮ ಶೆಡ್ಡನ್ನು ನಿಜವಾಗಿ ಉಳಿಸುವ ಕೆಲಸ: ಒಳಗಿನ ಒದ್ದೆ ಮತ್ತು ಬೂಷ್ಟು. ಈ ಕರಾವಳಿಯಲ್ಲಿ ಇದಕ್ಕೆ ಗಿರಾಕಿ ತಾನಾಗಿ ಹುಟ್ಟುತ್ತಾನೆ. ಗಲ್ಫ್‌ನಲ್ಲಿ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ಸಂಸಾರ ಊರಿಗೆ ಬರುತ್ತದೆ, ತಿಂಗಳುಗಟ್ಟಲೆ ಮುಚ್ಚಿಟ್ಟ ಕಾರಿನ ಬಾಗಿಲು ತೆರೆದರೆ ಸ್ಟೀರಿಂಗ್, ಸೀಟು, ಬೆಲ್ಟ್ ಎಲ್ಲ ಬಿಳಿ. ಅವರಿಗೆ ಗಾಡಿ ಬೇಗ ಬೇಕು, ದರದ ಚೌಕಾಸಿ ಕಡಿಮೆ.

ಒರೆಸಿ ಸುಗಂಧ ಹೊಡೆದು ಕಳಿಸಿದರೆ ಎರಡು ವಾರದಲ್ಲಿ ಬೂಷ್ಟು ವಾಪಸ್. ಮೊದಲು ನೀರು ಬರುವ ದಾರಿ ಹುಡುಕಬೇಕು. ಮುಂದಿನ ಎಡಬದಿಯ ಕಾರ್ಪೆಟ್ ಒದ್ದೆಯಿದ್ದರೆ ಎಸಿ ಡ್ರೈನ್ ಪೈಪ್ ಕಟ್ಟಿರುವುದು ಹೆಚ್ಚು. ವೈಪರ್ ಕೆಳಗಿನ ಕೌಲ್‌ನಲ್ಲಿ ಮಾವು, ಹಲಸಿನ ಎಲೆ ತುಂಬಿದರೂ ಮುಂದೆಯೇ ಇಳಿಯುತ್ತದೆ. ಸನ್‌ರೂಫ್ ಇರುವ ಗಾಡಿಯಲ್ಲಿ ಪಿಲ್ಲರ್ ಬದಿ ನೋಡಿ. ಮೂಲೆಯ ಟ್ಯೂಬ್‌ಗಳಿಗೆ ಏರ್ ಗನ್ ಹಿಡಿಯಬೇಡಿ, ಮಾಡಿನ ಒಳಗೆ ಜೋಡಣೆ ಕಳಚಿಕೊಂಡರೆ ಹೆಡ್‌ಲೈನರ್ ಇಳಿಸಬೇಕಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಸಾಕು. ಹೊರಗಿನ ಅಂಗಡಿಯಲ್ಲಿ ಸ್ಪೀಕರ್ ಹಾಕಿಸಿದ ಗಾಡಿಯಾದರೆ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆಯ ಅಂಟು ಬಿಟ್ಟಿರುತ್ತದೆ. ಸ್ಟೆಪ್ನಿ ಗುಂಡಿಯಲ್ಲಿ ನೀರಿದ್ದರೆ ಟೇಲ್ ಲ್ಯಾಂಪ್ ಗ್ಯಾಸ್ಕೆಟ್ ನೋಡಿ. ಪರೀಕ್ಷೆಗೆ ಒಬ್ಬ ಟಾರ್ಚ್ ಹಿಡಿದು ಒಳಗೆ ಕುಳಿತು, ಇನ್ನೊಬ್ಬ ಸಾದಾ ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ ನೀರು ಬಿಡಲಿ. ಪ್ರೆಶರ್ ಗನ್ ಹಿಡಿದರೆ ಸೋರದ ರಬ್ಬರ್ ಬೀಡಿಂಗೂ ಸೋರುತ್ತದೆ.

ಆಮೇಲೆ ಸೀಟು ಬಿಚ್ಚುವುದು. ಬ್ಯಾಟರಿಯ ನೆಗೆಟಿವ್ ತೆಗೆದು ಐದು ನಿಮಿಷವಾದರೂ ಕಾಯಿರಿ, ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಅದನ್ನು ಬಿಚ್ಚಿಟ್ಟು ಇಗ್ನಿಶನ್ ಆನ್ ಮಾಡಿದರೆ ಏರ್‌ಬ್ಯಾಗ್ ಲೈಟ್ ಉರಿಯುತ್ತದೆ, ಸ್ಕ್ಯಾನರ್ ಇಲ್ಲದೆ ಆರುವುದಿಲ್ಲ. ಕಾರ್ಪೆಟ್ ಎತ್ತಿ ಕೆಳಗಿನ ದಪ್ಪ ಫೆಲ್ಟ್ ಒತ್ತಿ ನೋಡಿ. ಮೇಲೆ ಒಣಗಿದ್ದರೂ ನೀರು ಅಲ್ಲಿ ಕೂತಿರುತ್ತದೆ. ಬೂಷ್ಟನ್ನು ಒಣ ಬ್ರಷ್‌ನಲ್ಲಿ ಕೆದಕಬೇಡಿ, ಬೀಜಕಣ ಇಡೀ ಗಾಡಿಗೆ ಹರಡುತ್ತದೆ. ಮಾಸ್ಕ್ ಹಾಕಿ, ಹೆಪಾ ಫಿಲ್ಟರಿನ ವ್ಯಾಕ್ಯೂಮ್‌ನಲ್ಲಿ ಎಳೆದು, 70 ಶೇಕಡದ ಆಲ್ಕೋಹಾಲ್‌ನಲ್ಲಿ ಒರೆಸಿ. ಲೆದರ್ ಆದರೆ ಮೊದಲು ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಬಟ್ಟೆ ಸೀಟಿಗೆ ಎಪಿಸಿ (ಆಲ್ ಪರ್ಪಸ್ ಕ್ಲೀನರ್) ಒಂದಕ್ಕೆ ಹತ್ತು ನೀರು, ಎಕ್ಸ್‌ಟ್ರಾಕ್ಟರ್‌ನಲ್ಲಿ ನೀರು ಬಿಡುವುದಕ್ಕಿಂತ ಎಳೆಯುವುದು ಹೆಚ್ಚಿರಲಿ. ಬೆಲ್ಟಿಗೆ ಬ್ಲೀಚ್ ಕೂಡದು, ನೂಲಿನ ಬಲ ಹೋಗುತ್ತದೆ. ಮಾಡಿನ ಬಟ್ಟೆಗೆ ಸ್ಟೀಮ್ ಕೂಡದು, ಅಂಟು ಬಿಟ್ಟು ಜೋಲುತ್ತದೆ.

ಒಣಗಿಸುವುದರಲ್ಲೇ ಅರ್ಧ ಕೆಲಸ ಇದೆ. ಶೆಡ್ಡಿನ ಬಾಗಿಲು ತೆರೆದು ಫ್ಯಾನ್ ಹಾಕಿದರೆ ಜುಲೈಯ ಗಾಳಿ ಒದ್ದೆಯನ್ನು ಒಳಗೇ ತರುತ್ತದೆ. ಮುಚ್ಚಿದ ಬೇಯಲ್ಲಿ ಕಾರಿನ ಬಾಗಿಲು ತೆರೆದಿಟ್ಟು, ಫೆಲ್ಟ್ ಕೆಳಗೆ ಮರದ ತುಂಡು ಕೊಟ್ಟು, ಬ್ಲೋವರನ್ನು ಅದರಡಿಗೆ ತಿರುಗಿಸಿ, ಡಿಹ್ಯುಮಿಡಿಫೈಯರ್ ಒಂದು ದಿನ, ಫೆಲ್ಟ್ ಪೂರ್ತಿ ನೆನೆದಿದ್ದರೆ ಒಂದೂವರೆ ದಿನ ಓಡಬೇಕು. ತೇವದ ಮೀಟರ್ ಇದ್ದರೆ ಅದೇ ಗಾಡಿಯ ಒಣ ಜಾಗದ ಅಂಕಿಗೆ ಹೋಲಿಸಿ. ಗಾಳಿಮಳೆಗೆ ಕರೆಂಟ್ ಹೋಗುವುದು ಇಲ್ಲಿ ಮಾಮೂಲು, ಆದ್ದರಿಂದ ಈ ಯಂತ್ರಕ್ಕೊಂದು ಇನ್ವರ್ಟರ್ ಲೈನ್ ಬೇಕು. ಎಸಿ ಫಿಲ್ಟರ್ ಬದಲಿಸಿ, ಇವಾಪರೇಟರ್‌ಗೆ ಫೋಮ್ ಹೊಡೆದು, ಕೊನೆಯಲ್ಲಿ ಬೇಕಿದ್ದರೆ ಓಝೋನ್ ಇಪ್ಪತ್ತು ನಿಮಿಷ. ಆಗ ಯಾರೂ ಒಳಗಿರಬಾರದು, ಮುಗಿದ ಮೇಲೆ ಅರ್ಧ ಗಂಟೆ ಬಾಗಿಲು ತೆರೆದಿಡಿ. ಒದ್ದೆ ಉಳಿದ ಗಾಡಿಗೆ ಎಷ್ಟು ಓಝೋನ್ ಕೊಟ್ಟರೂ ವಾಸನೆ ಮರಳುತ್ತದೆ.

ಒಂದು ಗಾಡಿ ಎರಡು ದಿನ ಬೇ ಹಿಡಿಯುತ್ತದೆ, ಆ ಲೆಕ್ಕದಲ್ಲೇ ದರ ಇಡಬೇಕು. ಸಾಮಾನಿನ ಖರ್ಚು ಕಡಿಮೆ, ಕೈಕೆಲಸ ಹೆಚ್ಚು. ವಾಷಿಂಗ್ ಇಲ್ಲದೆ ಕುಳಿತ ಹುಡುಗರಿಗೆ ಇದೇ ದುಡಿಮೆ. ಬ್ಯಾನರಿಗೂ ರಿಯಾಯಿತಿಗೂ ಸುರಿಯುವ ಹಣದಲ್ಲಿ ದಿನಕ್ಕೆ 20 ಲೀಟರ್ ನೀರು ಎಳೆಯುವ ಡಿಹ್ಯುಮಿಡಿಫೈಯರ್ ಕೊಳ್ಳಿ ಎಂದು ನಾವು ಒತ್ತಿ ಹೇಳುತ್ತೇವೆ. ಕೋಟಿಂಗ್ ಮಾಡುವ ಕೋಣೆಗೂ ಅದೇ ಯಂತ್ರ ಸಾಕು.

ಹಳೆ ಕಾರು ಮಾರುವವರ ಜೊತೆ ಮಾಡಿಕೊಳ್ಳುವ ಒಪ್ಪಂದ ಕೊನೆಯ ದಾರಿ. ಆಟಿಯಲ್ಲಿ ಅವರಿಗೂ ವ್ಯಾಪಾರ ತೆಳು. ಚೌತಿ, ಮಾರ್ನೆಮಿಗೆ (ನವರಾತ್ರಿ) ಗಾಡಿ ತಯಾರಿಟ್ಟುಕೊಳ್ಳಲು ಅದೇ ಸಮಯ. ಹೆಡ್‌ಲೈಟ್ ಹಳದಿ ತೆಗೆಯುವುದು, ಒಳಗಿನ ಕ್ಲೀನಿಂಗ್, ಒಂದು ಸುತ್ತು ಪಾಲಿಶ್, ಇಷ್ಟೇ ಅವರು ಕೇಳುವುದು. ಹೆಡ್‌ಲೈಟನ್ನು 800, 1500, 2000, 3000 ನಂಬರಿನ ಕಾಗದದಲ್ಲಿ ಕ್ರಮವಾಗಿ ಉಜ್ಜಿ, ಬಿಸಿಲು ತಡೆಯುವ ಯುವಿ ಕ್ಲಿಯರ್ ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ದರ ಗಿರಾಕಿಯ ದರದ ಅರ್ಧಕ್ಕೆ ಇಳಿಯುತ್ತದೆ, ಹಣ ಬರುವುದೂ ತಡ. ಹಾಗಾಗಿ ವಾರಕ್ಕೆ ಇಷ್ಟು ಗಾಡಿ ಎಂದು ಮಿತಿ ಹಾಕಿ, ಖಾಲಿ ದಿನಗಳಿಗೆ ಮಾತ್ರ ಹಿಡಿಯಿರಿ. ಹಿಂದಿನ ಬಿಲ್ ತೀರದೆ ಮುಂದಿನ ಗಾಡಿ ಒಳಗೆ ಬೇಡ, ಮತ್ತು ಆಯುಧ ಪೂಜೆಯ ಹಿಂದಿನ ವಾರ ಅವರ ಗಾಡಿ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಬರೆದು ಕೊಡಿ. ಆ ವಾರ ನಮ್ಮ ಖಾಯಂ ಗಿರಾಕಿಗಳದು.