ಕುರ್ತಿ ಹೊಲಿಸೋ ಮೊದಲು ಅರ್ಧ ಮೀಟರ್ ಬಟ್ಟೆ ಒಗೆದು ನೋಡಿ

ಮೊದಲ ದೂರು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂತು. ಹಾಸಿಗೆ ಮೇಲೆ ನಮ್ಮ ಮೆರೂನ್ ಕುರ್ತಿ ಹರವಿದ್ದಾರೆ. ಪಕ್ಕದಲ್ಲಿ ಟೇಪು. ಟೇಪಿನ ತುದಿ ಭುಜದ ಹೊಲಿಗೆ ಹತ್ತಿರ ಇದೆ, ಕುರ್ತಿಯ ಕೆಳಗಿನ ಮಡಿಕೆ 43 ಇಂಚಿನ ಗೆರೆಯನ್ನೂ ಮುಟ್ಟಿಲ್ಲ. ಕೆಳಗೆ ಒಂದು ಸಾಲು: ‘ಮೇಡಂ, 46 ಅಂತ ಹಾಕಿದ್ರಲ್ವಾ? ಒಂದೇ ಸಲ ಒಗೆದಿದ್ದು.’

ಅವರು ಬಿಸಿನೀರಲ್ಲಿ ನೆನೆಸಿರಬೇಕು ಅಂದುಕೊಂಡೆ. ಸಂಜೆ ಹೊತ್ತಿಗೆ ಇನ್ನಿಬ್ಬರು ಮೆಸೇಜ್ ಮಾಡಿದರು. ಮೂರನೆಯವರು ನನ್ನ ಚಿಕ್ಕಮ್ಮನ ಮಗಳು. ಅವಳು ಸುಳ್ಳು ಹೇಳಲ್ಲ, ಸುಮ್ಮನೆ ಬಿಡೋದೂ ಇಲ್ಲ.

ಕುರ್ತಿ ಬ್ರ್ಯಾಂಡ್ ಶುರು ಮಾಡಬೇಕು ಅಂತ ಈಗ ನನಗೆ ತಿಂಗಳಿಗೆ ಇಬ್ಬರಾದರೂ ಫೋನ್ ಮಾಡುತ್ತಾರೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಹಾಕುತ್ತಿದ್ದೇನೆ. ಬಟ್ಟೆ ಕೊಂಡ ಅಂಗಡಿ ಹೆಸರು, ಹೊಲಿದು ಕೊಟ್ಟ ಯೂನಿಟ್ ಹೆಸರು ಕೇಳಬೇಡಿ. ಅವರದಷ್ಟೇ ತಪ್ಪಾಗಿದ್ದರೆ ಹೇಳುತ್ತಿದ್ದೆನೋ ಏನೋ.

2024ರ ದಸರಾ ಹಿಡಿಯಬೇಕು ಅನ್ನೋದು ನಮ್ಮ ಪ್ಲಾನು. ನಾನು, ನಮ್ಮ ಅತ್ತಿಗೆ ಇಬ್ಬರೇ. ಜುಲೈನಲ್ಲಿ ಚಿಕ್ಕಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಿಂದ ಪ್ರಿಂಟೆಡ್ ರೇಯಾನ್ ಮೂರು ಮೀಟರ್ ತಂದು ಒಂದು ಸ್ಯಾಂಪಲ್ ಹೊಲಿಸಿದೆವು. ಚೆನ್ನಾಗಿ ಬಂತು. ನಾನೇ ಉಟ್ಟೆ, ಒಗೆದೆ, ಏನೂ ಆಗಲಿಲ್ಲ. ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲೆ ಅದೇ ಅಂಗಡಿಗೆ ಹೋಗಿ 750 ಮೀಟರ್ ತೆಗೆದುಕೊಂಡೆವು, ಮೀಟರಿಗೆ 92 ರೂಪಾಯಿ. 69,000 ಆಯಿತು.

‘ಬಿಲ್ ಬೇಕಾ ಮೇಡಂ, ಹಂಗೇ ಬೇಕಾ?’ ಅಂದರು. ಬಿಲ್ ಅಂದರೆ 5% ಜಿಎಸ್‌ಟಿ, ಅಂದರೆ 3,450 ಜಾಸ್ತಿ. ಅತ್ತಿಗೆ ನನ್ನ ಮುಖ ನೋಡಿದರು. ನಾನು ‘ಹಂಗೇ ಕೊಡಿ’ ಅಂದೆ. ಒಂದು ಸಣ್ಣ ಚೀಟಿಯಲ್ಲಿ ಪೆನ್ನಿನಿಂದ 750, 92, 69,000 ಅಂತ ಬರೆದು ಕೊಟ್ಟರು. ಅಂಗಡಿ ಹೆಸರಿಲ್ಲ, ತಾರೀಕಿಲ್ಲ. ಬಟ್ಟೆ ಯಾವುದು ಅಂತಲೂ ಇಲ್ಲ.

ಆ 3,450 ರೂಪಾಯಿ ಉಳಿಸಿದ ಖುಷಿಗೆ ಅಲ್ಲೇ ಹತ್ತಿರ ಇಬ್ಬರೂ ಮಸಾಲೆ ದೋಸೆ ತಿಂದೆವು.

ಈಗ ಬಟ್ಟೆ ವಿಷಯಕ್ಕೆ ಬರುತ್ತೇನೆ. ರೇಯಾನನ್ನು ಈ ಪೇಟೆಯಲ್ಲಿ ಕೆ.ಜಿ. ಲೆಕ್ಕದಲ್ಲಿ ಕರೆಯುತ್ತಾರೆ. 14 ಕೆ.ಜಿ. ರೇಯಾನ್ ಅಂದರೆ ನೂರು ಮೀಟರ್ ಬಟ್ಟೆ ಹೆಚ್ಚುಕಮ್ಮಿ 14 ಕೆ.ಜಿ. ತೂಗಬೇಕು. ನಮ್ಮ ಸ್ಯಾಂಪಲ್ ಬಟ್ಟೆ 14 ಕೆ.ಜಿ. ಅಂತಲೇ ಕೊಟ್ಟಿದ್ದರು. ಆಮೇಲೆ ತಂದದ್ದಕ್ಕೂ ‘ಅದೇ ಮಾಲು, ಹೊಸ ಲಾಟು’ ಅಂದರು. ಕೈಯಲ್ಲಿ ಮುಟ್ಟಿ ನೋಡಿದೆ, ಮೆತ್ತಗೇ ಇತ್ತು. ಮೆತ್ತಗಿದ್ದರೆ ಒಳ್ಳೆಯದು ಅಂತ ನನ್ನ ಆಗಿನ ಜ್ಞಾನ.

ದೂರು ಬಂದ ಮೇಲೆ ಮನೆಯಲ್ಲಿ ಉಳಿದಿದ್ದ ಎರಡು ಮೀಟರ್ ತುಂಡನ್ನು ಅಡುಗೆಮನೆ ತಕ್ಕಡಿ ಮೇಲೆ ಇಟ್ಟೆ. ಲೆಕ್ಕದ ಪ್ರಕಾರ 280 ಗ್ರಾಂ ಬರಬೇಕು. 240 ತೋರಿಸಿತು. ಮೂರು ಸಲ ಮಡಚಿ ಇಟ್ಟೆ. ಮೂರು ಸಲವೂ 240ರ ಆಸುಪಾಸೇ. ಅಂದರೆ 12 ಕೆ.ಜಿ. ಮಾಲು. ಪ್ರಿಂಟ್ ಒಂದೇ, ಬಟ್ಟೆ ಬೇರೆ.

ಅದೇ ತುಂಡಿನಲ್ಲಿ ಪೆನ್ನಿನಿಂದ 50 ಸೆಂಟಿಮೀಟರಿನ ಒಂದು ಚೌಕ ಬರೆದೆ. ಮಾಮೂಲಿ ನೀರಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಐರನ್ ಮಾಡಿ ಅಳೆದೆ. ಅಡ್ಡ 49. ಉದ್ದ ನಲವತ್ತಾರೂವರೆ. ಉದ್ದಕ್ಕೆ 7% ಹೋಗಿದೆ. 46 ಇಂಚಿನಲ್ಲಿ 7% ಕಳೆಯಿರಿ, ಆ ಫೋಟೋದಲ್ಲಿ ಟೇಪು ತೋರಿಸಿದ್ದೇ ಬರುತ್ತದೆ. ಕಸ್ಟಮರ್ ಬಿಸಿನೀರೂ ಹಾಕಿರಲಿಲ್ಲ, ಏನೂ ಹಾಕಿರಲಿಲ್ಲ.

ಈ ಪರೀಕ್ಷೆಗೆ ಅರ್ಧ ಮೀಟರ್ ಬಟ್ಟೆ, ಒಂದು ಪೆನ್ನು, ಒಂದು ದಿನ ಸಾಕು. 69,000 ಕೊಡೋ ಮುಂಚೆ ಮಾಡಬೇಕಿತ್ತು, ಅಷ್ಟೇ. ಅದೂ ಸ್ಯಾಂಪಲ್ ತುಂಡಿನ ಮೇಲಲ್ಲ, ನಿಮ್ಮ ಕೈಗೆ ಬರೋ ಲಾಟಿನಿಂದಲೇ, ಒಂದಕ್ಕಿಂತ ಹೆಚ್ಚು ಥಾನಿನಿಂದ (ಬಟ್ಟೆಯ ಕಟ್ಟಿನಿಂದ) ಕತ್ತರಿಸಿ ನೋಡಬೇಕು. ಹಾಗೇ ಒಂದು ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಬಟ್ಟೆ ಮೇಲೆ ಉಜ್ಜಿ. ನಮ್ಮ ಮೆರೂನ್ ಅದರಲ್ಲೂ ಫೇಲ್. ಕರ್ಚೀಫು ಕುಂಕುಮ ಒರೆಸಿದ ಹಾಗಾಯಿತು.

ಬಟ್ಟೆ ಕುಗ್ಗೋದೇ ದೊಡ್ಡ ಅಪರಾಧ ಅಲ್ಲ. ರೇಯಾನ್ ಕುಗ್ಗುತ್ತದೆ, ಒಗೆಯದ ಕಾಟನ್ನೂ ಕುಗ್ಗುತ್ತದೆ. ಎಷ್ಟು ಅಂತ ಗೊತ್ತಿದ್ದರೆ ಪ್ಯಾಟರ್ನ್‌ನಲ್ಲೇ, ಅಂದರೆ ಬಟ್ಟೆ ಕತ್ತರಿಸೋ ನಕ್ಷೆಯಲ್ಲೇ, ಸರಿ ಮಾಡಬಹುದು. ಇದನ್ನು ನನಗೆ ಹೇಳಿದ್ದು ಆಮೇಲೆ ಸಿಕ್ಕ ಒಬ್ಬ ಕಟಿಂಗ್ ಮಾಸ್ಟರ್. ‘ಏಳು ಪರ್ಸೆಂಟ್ ಹೋಗತ್ತೆ ಅಂದ್ರೆ ನಲವತ್ತೊಂಬತ್ತೂವರೆಗೆ ಕಟ್ ಮಾಡೋದು ಅಕ್ಕ, ಒಗೆದ ಮೇಲೆ ನಲವತ್ತಾರಕ್ಕೆ ಬಂದು ಕೂರತ್ತೆ’ ಅಂದರು. ಇಲ್ಲದಿದ್ದರೆ ಬಟ್ಟೆಯನ್ನೇ ಮೊದಲು ನೀರಿಗೆ ಹಾಕಿಸಿ ಕಟಿಂಗ್‌ಗೆ ಕೊಡಬೇಕಂತೆ. ಎಷ್ಟು ಸುಲಭ ನೋಡಿ. ನಮ್ಮ ಯೂನಿಟ್‌ನಲ್ಲಿ ಇದನ್ನು ಯಾರೂ ಕೇಳಲಿಲ್ಲ, ನನಗೆ ಕೇಳಬೇಕು ಅಂತ ಗೊತ್ತಿರಲಿಲ್ಲ.

ಯೂನಿಟ್ ಪೀಣ್ಯ ಕಡೆ, ಇಪ್ಪತ್ತು ಮಿಷನ್ನಿನ ಒಂದು ಶೆಡ್. ಒಂದು ಪೀಸಿಗೆ 140 ರೂಪಾಯಿ, ಕಾಜಾ ಬಟನ್, ಐರನ್, ಪ್ಯಾಕಿಂಗ್ ಎಲ್ಲಾ ಸೇರಿ. 300 ಪೀಸಿಗೆ 42,000. ಅದರಲ್ಲಿ 25,000 ಅಡ್ವಾನ್ಸ್ ಕೇಳಿದರು, ಕೊಟ್ಟೆವು. ಸೆಪ್ಟೆಂಬರ್ 20ಕ್ಕೆ ಮಾಲು ಕೊಡುತ್ತೇವೆ ಅಂದರು. ಬಾಯಿ ಮಾತು.

ಸೆಪ್ಟೆಂಬರ್ 20ಕ್ಕೆ ಹೋದರೆ ನಮ್ಮ ಥಾನುಗಳು ಮೂಲೆಯಲ್ಲಿ ಹಾಗೇ ಇದ್ದವು, ಗೋಣಿ ಹೊಲಿಗೆ ಕೂಡ ಬಿಚ್ಚಿರಲಿಲ್ಲ. ಎಲ್ಲಾ ಮಿಷನ್ ಮೇಲೂ ಯಾವುದೋ ಸ್ಕೂಲಿನ ನೀಲಿ ಯೂನಿಫಾರ್ಮ್ ಓಡುತ್ತಿತ್ತು. ‘ದೊಡ್ಡ ಆರ್ಡರ್ ಮೇಡಂ, ನಾಕೇ ದಿನ’ ಅಂದರು ಓನರ್. ಪೂರ್ತಿ ದುಡ್ಡು ಅವರ ಕೈಯಲ್ಲಿರಲಿಲ್ಲ ನಿಜ, ಆದರೆ ನಮ್ಮನ್ನು ಕಟ್ಟಿಹಾಕಲು 25,000 ಸಾಕಿತ್ತು. ಬಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗೋಣ ಅಂದರೆ ಆ ದುಡ್ಡು ಹೋಗುತ್ತದೆ. ವಿಜಯದಶಮಿ ಅಕ್ಟೋಬರ್ 12ಕ್ಕೆ ಮುಗಿಯಿತು. ಮಾಲು ಮನೆಗೆ ಬಂದದ್ದು ಅಕ್ಟೋಬರ್ 28ಕ್ಕೆ, ನರಕ ಚತುರ್ದಶಿಗೆ ಮೂರು ದಿನ ಮುಂಚೆ. ಹಬ್ಬಕ್ಕೆ ಬಟ್ಟೆ ತಗೊಳ್ಳೋರು ಅಷ್ಟೊತ್ತಿಗೆ ತಗೊಂಡು ಆಗಿರುತ್ತದೆ.

ಬಂದದ್ದು 300 ಅಲ್ಲ, 271.

29 ಪೀಸ್ ಎಲ್ಲಿ ಅಂದರೆ ‘ಬಟ್ಟೆ ಕಮ್ಮಿ ಇತ್ತು ಮೇಡಂ, ಪನ್ನಾನೂ ಕಮ್ಮಿ’ ಅಂದರು. ಪನ್ನಾ ಅಂದರೆ ಬಟ್ಟೆಯ ಅಗಲ. 44 ಇಂಚು ಪನ್ನಾ ಅಂತ ಕೊಂಡ ಬಟ್ಟೆ ಅಳೆದರೆ 42 ಇತ್ತು. ಅದು ನಿಜ, ಉಳಿದ ತುಂಡನ್ನು ನಾನೇ ಅಳೆದೆ. ಪನ್ನಾ ಎರಡು ಇಂಚು ಕಮ್ಮಿಯಾದರೆ ಪ್ಯಾಟರ್ನ್ ಕೂರಲ್ಲ, ಪೀಸಿಗೆ ಬಟ್ಟೆ ಜಾಸ್ತಿ ತಿನ್ನುತ್ತದೆ. ಅಂಗಡಿಯಲ್ಲಿ ಕೇಳಿದರೆ ‘ಯೂನಿಟ್‌ನೋರು ಎತ್ತಿಟ್ಟಿರ್ತಾರೆ’ ಅಂದರು. ಯೂನಿಟ್‌ನಲ್ಲಿ ಕೇಳಿದರೆ ಅಂಗಡಿ ಕಡೆ ಕೈ ತೋರಿಸಿದರು. ಥಾನು ಕೊಡೋ ಮುಂಚೆ ನಾವು ಅಳೆದೇ ಇರಲಿಲ್ಲ. ಮೀಟರ್ ಅಂದರೆ ನೂರು ಸೆಂಟಿಮೀಟರೇ ಅಂತ ನಂಬಿದ್ದೆವು. ಫೋಲ್ಡಿಂಗ್ ಎಷ್ಟು ಅಂತ ಕೇಳಬೇಕು, ಕೆಲವು ಮಾಲಿನಲ್ಲಿ ಒಂದು ಮಡಿಕೆ ನೂರು ಸೆಂಟಿಮೀಟರ್ ಇರೋದಿಲ್ಲ ಅನ್ನೋದು ಆಮೇಲೆ ತಿಳಿಯಿತು. ನನ್ನದೂ ಒಂದು ದಡ್ಡತನ ಇತ್ತು: ಪೀಸಿಗೆ ಎರಡೂವರೆ ಮೀಟರ್, 300 ಪೀಸಿಗೆ ಸರಿಯಾಗಿ 750. ಚಿಂದಿಗೆ, ಡ್ಯಾಮೇಜಿಗೆ ಒಂದು ಮೀಟರ್ ಕೂಡ ಇಟ್ಟಿರಲಿಲ್ಲ.

ಕುರ್ತಿ ಕುಗ್ಗಿದೆ ಅಂತ ಅಂಗಡಿಗೆ ಹೋದಾಗ ಆ ಚೀಟಿ ತೋರಿಸಿದೆ. ಅವರು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ‘ಇದು ನಮ್ಮದು ಅಂತ ಎಲ್ಲಿದೆ ಮೇಡಂ?’ ಅಂದರು. ಕೋಪ ಬರಲಿಲ್ಲ, ನಾಚಿಕೆ ಆಯಿತು. ಬಿಲ್ ಇದ್ದರೆ ದುಡ್ಡು ವಾಪಸ್ ಬರುತ್ತಿತ್ತು ಅಂತ ಖಾತ್ರಿ ಇಲ್ಲ, ಆದರೆ ಮಾತಾಡೋಕೆ ಒಂದು ನೆಲೆ ಇರುತ್ತಿತ್ತು.

ಲೆಕ್ಕ ನೋಡಿ. ಬಟ್ಟೆ 69,000. ಹೊಲಿಗೆ 271ಕ್ಕೆ 37,940. ಲೇಬಲ್, ಟ್ಯಾಗು, ಕವರು 8,500. ಫೋಟೋ ಶೂಟ್ 18,000, ಅದು ಶುದ್ಧ ಶೋಕಿ. ಒಟ್ಟು 1,33,440. ಒಂದು ಕುರ್ತಿಗೆ 492 ಬಿತ್ತು. ನನ್ನ ನೋಟ್‌ಬುಕ್‌ನಲ್ಲಿ ಬರೆದಿದ್ದದ್ದು 370. ಬಟ್ಟೆಗೆ 230, ಹೊಲಿಗೆಗೆ 140, ಮುಗೀತು. ಉಳಿದದ್ದೆಲ್ಲಾ ಆಕಾಶದಿಂದ ಬೀಳುತ್ತದೆ ಅಂದುಕೊಂಡಿದ್ದೆನೋ ಏನೋ. 899ಕ್ಕೆ ಮಾರಿದರೆ ಅರ್ಧಕ್ಕಿಂತ ಜಾಸ್ತಿ ಲಾಭ ಅಂತ ಕನಸು. ಕೊರಿಯರ್ ಬೇರೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳಿಸಿದ 40ರಲ್ಲಿ 13 ಹಾಗೇ ವಾಪಸ್ ಬಂದವು, ಹೋಗೋ ಖರ್ಚೂ ನಮ್ಮದು, ಬರೋ ಖರ್ಚೂ ನಮ್ಮದು. ಮೊದಲ ಲಾಟಿಗೆ ಅದನ್ನು ಇಡಲೇಬೇಡಿ.

ದೂರು ಶುರುವಾಗೋ ಹೊತ್ತಿಗೆ 96 ಹೋಗಿದ್ದವು. 38 ಜನಕ್ಕೆ ಪೂರ್ತಿ ದುಡ್ಡು ವಾಪಸ್ ಕೊಟ್ಟೆವು, 34,162 ರೂಪಾಯಿ. ಅತ್ತಿಗೆ ಹಟ ಹಿಡಿದು ಕೊಡಿಸಿದರು. ನಾನೊಬ್ಬಳೇ ಆಗಿದ್ದರೆ ಕೊಡುತ್ತಿದ್ದೆನಾ ಅಂತ ಈಗಲೂ ಅನುಮಾನ.

ಉಳಿದ 175ನ್ನು ಏನು ಮಾಡೋದು? ಎಲ್ಲವನ್ನೂ ಒಗೆದೆವು. ಎರಡು ಭಾನುವಾರ, ಮೂರು ಟಬ್, ಟೆರೇಸ್ ಮೇಲೆ ಎಂಟು ಸಾಲು ಹಗ್ಗ. ನೀರು ಪೂರಾ ಕೆಂಪು. ಮನೆ ಓನರ್ ಆಂಟಿ ಮೇಲೆ ಬಂದು ‘ಏನಮ್ಮಾ, ಡೈಯಿಂಗ್ ಫ್ಯಾಕ್ಟರಿ ಹಾಕಿದ್ದೀಯಾ?’ ಅಂದರು. ಒಣಗಿದ ಮೇಲೆ ಒಂದೊಂದನ್ನೂ ಅಳೆದು, ಹಳೇ ಟ್ಯಾಗು ಕಿತ್ತು, ಈಗಿರೋ ಅಳತೆಯನ್ನೇ ಬರೆದು, ‘ಶಾರ್ಟ್ ಕುರ್ತಿ, ಒಗೆದದ್ದು’ ಅಂತ 450ಕ್ಕೆ ಮಾರಿದೆವು. ವಿಚಿತ್ರ ಅಂದರೆ ಇವು ಬೇಗ ಹೋದವು. ಅಸಲಿಗಿಂತ ಕಮ್ಮಿಗೆ ಕೊಟ್ಟರೆ ಯಾಕೆ ಹೋಗಲ್ಲ ಬಿಡಿ.

ಸೈಜ್ ವಿಷಯದಲ್ಲೂ ಎಡವಿದ್ದೆ. ಎಸ್‌ನಿಂದ ಡಬಲ್ ಎಕ್ಸ್‌ಎಲ್ ತನಕ ಐದು ಸೈಜು, ಎಲ್ಲಾ ಅರವತ್ತರಂತೆ ಹೇಳಿದ್ದೆ. ನಮ್ಮ ಹತ್ತಿರ ತಗೊಳ್ಳೋರು ನನ್ನಂಥವರು, ನಮ್ಮ ಅತ್ತಿಗೆಯಂಥವರು. ಎಲ್, ಎಕ್ಸ್‌ಎಲ್ ಬೇಗ ಖಾಲಿ. ಎಸ್ ಹಾಗೇ ಕೂತಿತು. ಇನ್ನೊಂದು, ಕಟಿಂಗ್‌ಗೆ ಮುಂಚೆ ಪ್ರತಿ ಸೈಜಿನಲ್ಲಿ ಒಂದೊಂದು ಹೊಲಿಸಿ ಯಾರಿಗಾದರೂ ಹಾಕಿಸಿ ನೋಡಬೇಕು. ಇದಕ್ಕೆ ಸೈಜ್ ಸೆಟ್ ಅನ್ನುತ್ತಾರೆ. ನಾವು ಎಂ ಒಂದನ್ನೇ ನೋಡಿ ಸರಿ ಅಂದಿದ್ದೆವು. ಡಬಲ್ ಎಕ್ಸ್‌ಎಲ್‌ನಲ್ಲಿ ಎದೆ ದೊಡ್ಡದಾಗಿತ್ತು, ಕಂಕುಳು ಎಂ ಸೈಜಿನದೇ. ಕೈ ಎತ್ತಿದರೆ ಕುರ್ತಿಯೇ ಮೇಲೆ ಬರುತ್ತಿತ್ತು.

ಲೇಬಲ್ ಕಥೆ ಬೇಗ ಮುಗಿಸುತ್ತೇನೆ. ನೇಯ್ದ ಲೇಬಲ್ ಸಾವಿರಕ್ಕೆ ಕಮ್ಮಿ ಮಾಡಲ್ಲ ಅಂದರು, ಮಾಡಿಸಿದೆವು. ಆಮೇಲೆ ಟ್ರೇಡ್‌ಮಾರ್ಕ್ ಸರ್ಚ್‌ನಲ್ಲಿ ನೋಡಿದರೆ ಬಟ್ಟೆಗಳ ಕ್ಲಾಸ್ 25ರಲ್ಲಿ ಅದೇ ಹೆಸರು ಬೇರೆಯವರದ್ದು ಆಗಲೇ ರಿಜಿಸ್ಟರ್ ಆಗಿದೆ. ಹುಡುಕೋಕೆ ಒಂದು ಪೈಸೆ ಖರ್ಚಿಲ್ಲ, ಮೊದಲು ಹುಡುಕಿ. ಒಬ್ಬರ ಹೆಸರಲ್ಲಿ ಆನ್‌ಲೈನ್ ಅರ್ಜಿ ಹಾಕೋಕೆ 4,500 ರೂಪಾಯಿ ಫೀ. ಮಿಕ್ಕ ಏಳುನೂರು ಚಿಲ್ಲರೆ ಲೇಬಲ್ ನಮ್ಮ ಅಡುಗೆಮನೆ ಡ್ರಾಯರ್‌ನಲ್ಲಿ ಇವೆ. ಅತ್ತಿಗೆ ಡಬ್ಬಿಗಳಿಗೆ ಕಟ್ಟುತ್ತಾರೆ.

ಜಿಎಸ್‌ಟಿ ಬಗ್ಗೆಯೂ ಒಂದು ಮಾತು. ‘ವರ್ಷದ ವಹಿವಾಟು 40 ಲಕ್ಷ ದಾಟೋ ತನಕ ಜಿಎಸ್‌ಟಿ ನಂಬರ್ ಬೇಡ’ ಅಂತ ಎಲ್ಲರೂ ಹೇಳುತ್ತಾರೆ. ಕರ್ನಾಟಕದ ಒಳಗೇ ಮಾರೋ ತನಕ ಆ ಮಾತು ನಡೆಯುತ್ತದೆ. ಪುಣೆಗೋ ಹೈದರಾಬಾದಿಗೋ ಮಾಲು ಕಳಿಸಿದರೆ ಆ ಮಿತಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರಲ್ಲ, ಮೊದಲೇ ರಿಜಿಸ್ಟರ್ ಆಗಿರಬೇಕು. ಹೊಸೂರು ಕೂಡ ಬೇರೆ ರಾಜ್ಯವೇ, ನೆನಪಿರಲಿ. ತೆರಿಗೆ ದರವೂ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ಪೀಸಿಗೆ 2,500 ರೂಪಾಯಿ ತನಕ 5%, ಅದರ ಮೇಲೆ 18%. ಹಳೇ ವಿಡಿಯೋ ನೋಡಿ ರೇಟ್ ಹಾಕಬೇಡಿ.

ಈಗ ನಾವು ಒಂದು ಸಲಕ್ಕೆ 40 ಪೀಸ್ ಮಾತ್ರ ಮಾಡಿಸುತ್ತೇವೆ. ಹೊಲಿಗೆ ರೇಟು ಜಾಸ್ತಿ ಬೀಳುತ್ತದೆ, ಬೀಳಲಿ. ಯೂನಿಟ್‌ಗೆ ಕೊಡೋ ಕಾಗದದಲ್ಲಿ ಕೊಟ್ಟ ಮೀಟರು, ಪನ್ನಾ, ಎಷ್ಟು ಪೀಸ್ ಬರಬೇಕು, ಯಾವ ತಾರೀಕಿಗೆ ಅಂತ ಬರೆದು ಸಹಿ ಹಾಕಿಸುತ್ತೇನೆ. ಅಡ್ವಾನ್ಸ್ ಮೂರರಲ್ಲಿ ಒಂದು ಭಾಗ, ಉಳಿದದ್ದು ಚೆಕಿಂಗ್ ಆದ ಮೇಲೆ. ಹಬ್ಬದ ಮಾಲು ಹಬ್ಬಕ್ಕೆ ಒಂದು ತಿಂಗಳ ಮುಂಚೆ ಮನೆಯಲ್ಲಿರಬೇಕು. ಚಿಕ್ಕಪೇಟೆಗೆ ಹೋಗುವಾಗ ಬ್ಯಾಗಿನಲ್ಲಿ ಟೇಪು, ಲಗೇಜ್ ತೂಗೋ ಆ ಸಣ್ಣ ಕೈತಕ್ಕಡಿ ಇರುತ್ತವೆ. ಅಂಗಡಿಯವರು ನಗುತ್ತಾರೆ. ಮೊನ್ನೆ ಒಬ್ಬರು ‘ಮೇಡಂ, ತರಕಾರಿ ತರ ತೂಗ್ತೀರಲ್ಲ’ ಅಂದರು. ತೂಗಿದೆ, ಅರ್ಧ ಮೀಟರ್ ಕತ್ತರಿಸಿಕೊಂಡೆ, ಅದಕ್ಕೂ ಬಿಲ್ ತಗೊಂಡೆ, ಒಗೆದು ಎರಡು ದಿನ ಬಿಟ್ಟು ಬಂದೆ.

ಹಳೇ ಲಾಟಿನಲ್ಲಿ ಎಸ್ ಸೈಜಿನವು ಇನ್ನೂ 22 ಇವೆ. ಮೆರೂನ್, ಉದ್ದ 42 ಮುಕ್ಕಾಲು ಇಂಚು, ಈಗಾಗಲೇ ಒಗೆದಿದೆ, ಇನ್ನು ಅಷ್ಟಾಗಿ ಕುಗ್ಗಲ್ಲ. ಬಣ್ಣ ಮಾತ್ರ ಬಿಡಬಹುದು, ಮೊದಲೆರಡು ಸಲ ಬೇರೆ ಬಟ್ಟೆ ಜೊತೆ ಒಗೆಯೋಕೆ ಹಾಕಬೇಡಿ. ಯಾರಿಗಾದರೂ ಬೇಕಿದ್ದರೆ ಹೇಳಿ, 350ಕ್ಕೆ ಕೊಡುತ್ತೇನೆ.