ಸರೋನಿಕ್ ಕೊಲ್ಲಿಯಲ್ಲಿ ಬಾಡಿಗೆ ಯಾಟ್: ತುಮಕೂರಿನಿಂದ ಹೊರಡುವ ಕುಟುಂಬಗಳಿಗೆ ಒಂದು ವಿಮರ್ಶೆ

ಅಥೆನ್ಸ್ ಪಕ್ಕದ ಅಲಿಮೋಸ್ ಮರೀನಾದಲ್ಲಿ ಶನಿವಾರ ಸಂಜೆ ಹಾಯಿದೋಣಿ ಕೈಗೆ ಕೊಡುತ್ತಾರೆ. ಸರೋನಿಕ್ ಕೊಲ್ಲಿಯ ಏಜಿನಾ, ಪೋರೋಸ್, ಹೈಡ್ರಾ ದ್ವೀಪಗಳ ಕಡೆ ಸುತ್ತಿಕೊಂಡು ಶುಕ್ರವಾರ ಸಂಜೆಗೆ ವಾಪಸ್ ತಂದು ಕಟ್ಟಬೇಕು, ಶನಿವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಳಿಯಬೇಕು. ಗ್ರೀಸಿನಲ್ಲಿ ವಾರದ ಬಾಡಿಗೆ ಯಾಟ್ ಕೊಡುವ ಕಂಪನಿಗಳದ್ದು ಹೆಚ್ಚುಕಮ್ಮಿ ಇದೇ ಕಟ್ಟಳೆ. ಎರಡು ಮನೆಯವರು ಸೇರಿ ಹೊರಡುವ ಐದಾರು ಜನರ ಗುಂಪಿಗೆ ಈ ಸೇವೆ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ, ದೋಣಿ ನಡೆಸುವ ಸ್ಕಿಪ್ಪರ್ ಸಮೇತ ತೆಗೆದುಕೊಂಡರೆ ಮಾತ್ರ. ಸ್ಕಿಪ್ಪರ್ ಬೇಡವೆಂದರೆ ಗುಂಪಿನಲ್ಲಿ ಒಬ್ಬರಿಗೆ ಅಲ್ಲಿ ಮಾನ್ಯವಾದ ದೋಣಿ ಪರವಾನಗಿ ಇರಬೇಕು, ಇನ್ನೊಬ್ಬರಿಗೆ ಕಡಲ ಅನುಭವ ಇರಬೇಕು. ಕೆರೆ ಕಟ್ಟೆ ನೋಡಿ ಬೆಳೆದ ನಮ್ಮ ಕಡೆಯವರು ಆ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಮೊದಲು ಕಡಲನ್ನು ಆರಿಸಿಕೊಳ್ಳಿ, ದೋಣಿ ಆಮೇಲೆ. ಫೋಟೋಗಳಲ್ಲಿ ಕಾಣುವ ಬಿಳಿ ಮನೆಗಳ ಸ್ಯಾಂಟೊರಿನಿ, ಮೈಕೊನೋಸ್ ಇರುವುದು ಸೈಕ್ಲಡೀಸ್ ದ್ವೀಪಗಳಲ್ಲಿ. ಅಲ್ಲಿ ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಮೆಲ್ಟೆಮಿ ಎಂಬ ಒಣ ಗಾಳಿ ಬೀಸುತ್ತದೆ. ಆಕಾಶ ನೀಲಿಯಾಗಿಯೇ ಇರುತ್ತದೆ, ಗಾಳಿ ಮಾತ್ರ ಅದರ ಬಿರುಸು ಅಳೆಯುವ ಬೊಫೋರ್ಟ್ ಮಾಪಕದಲ್ಲಿ 6, 7 ಮುಟ್ಟಿ ದಿನಗಟ್ಟಲೆ ಬಿಡುವುದಿಲ್ಲ. ದೋಣಿ ಬಂದರಿನಲ್ಲೇ ಕಟ್ಟಿಹಾಕಿಕೊಂಡಿದ್ದರೂ ಬಾಡಿಗೆ ನಿಲ್ಲದು. ಸರೋನಿಕ್ ಕೊಲ್ಲಿಗೆ ಅಟ್ಟಿಕಾ ಮತ್ತು ಪೆಲೊಪೊನೀಸ್ ನೆಲ ಅಡ್ಡ ಇರುವುದರಿಂದ ಅಲೆ ಚಿಕ್ಕದು, ದ್ವೀಪದಿಂದ ದ್ವೀಪಕ್ಕೆ ದೂರವೂ ಕಮ್ಮಿ. ಅಲಿಮೋಸಿನಿಂದ ಏಜಿನಾಕ್ಕೆ ಸುಮಾರು 17 ನಾಟಿಕಲ್ ಮೈಲಿ, ಅಂದರೆ 31 ಕಿಲೋಮೀಟರ್; ಐದಾರು ನಾಟ್ (ಗಂಟೆಗೆ ಐದಾರು ನಾಟಿಕಲ್ ಮೈಲಿ) ವೇಗದಲ್ಲಿ ಮೂರು ಗಂಟೆ ಹಾದಿ. ಮಕ್ಕಳಿರುವ ಮನೆಯವರಿಗೆ ದಸರಾ ರಜೆಯೇ ಸರಿಯಾದ ಕಾಲ. ಸೆಪ್ಟೆಂಬರ್ ಕೊನೆಗೆ ಮೆಲ್ಟೆಮಿ ಇಳಿದಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ, ಬಾಡಿಗೆಯೂ ಆಗಸ್ಟಿಗಿಂತ ಇಳಿದಿರುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ಹೋದರೆ ನೀರು ಮೈಗೆ ಚಳಿ ಹಿಡಿಸುತ್ತದೆ.

ದೋಣಿಯ ಜಾಹೀರಾತಿನಲ್ಲಿ 46 ಅಡಿ, ನಾಲ್ಕು ಕ್ಯಾಬಿನ್, ಎಂಟು ಜನ ಎಂದಿರುತ್ತದೆ. ಆ ನಾಲ್ಕರಲ್ಲಿ ಒಂದು ಸ್ಕಿಪ್ಪರ್‌ಗೆ ಹೋಗುತ್ತದೆ, ಉಳಿದದ್ದು ಆರು ಜನರಿಗೆ. ಎಂಟು ಜನ ಹೊರಟರೆ ಇಬ್ಬರು ಊಟದ ಮೇಜಿನ ಪಕ್ಕದ ಸೋಫಾದ ಮೇಲೆ ಮಲಗಬೇಕು. ಎರಡು ಒಡಲಿನ ಕ್ಯಾಟಮರನ್ ಓಲಾಡುವುದು ಕಡಿಮೆ, ಜಾಗ ಜಾಸ್ತಿ, ಹೊಟ್ಟೆ ತೊಳಸುವವರಿಗೆ ಅನುಕೂಲ. ಆದರೆ ಬಾಡಿಗೆ ಹತ್ತಿರ ಹತ್ತಿರ ಎರಡರಷ್ಟು. ಏಳು ಮೀಟರಿಗೂ ಮೀರಿದ ಅಗಲದಿಂದಾಗಿ ಹೈಡ್ರಾದಂಥ ಇಕ್ಕಟ್ಟಿನ ಬಂದರಿನಲ್ಲಿ ಜಾಗ ಸಿಗುವುದೂ ಕಷ್ಟ. ಆರು ಜನಕ್ಕೆ ಒಂಟಿ ಒಡಲಿನ ದೋಣಿ ಸಾಕು.

ಖರ್ಚು ಹೀಗೆ ಬರುತ್ತದೆ. ಸೀಸನ್ ಅಂಚಿನಲ್ಲಿ ಆ ಅಳತೆಯ ದೋಣಿಗೆ ವಾರಕ್ಕೆ 2,500ರಿಂದ 3,500 ಯೂರೋ. ಸ್ಕಿಪ್ಪರ್ ಸಂಬಳ ದಿನಕ್ಕೆ 200ರ ಆಸುಪಾಸು, ಊಟ ನಿಮ್ಮದೇ. ಕ್ಲೀನಿಂಗ್, ಹಾಸಿಗೆ ಬಟ್ಟೆ, ಡಿಂಗಿಯ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ) ಮೋಟರ್ ಸೇರಿಸಿ 200-300. ಡೀಸೆಲ್‌ಗೆ ಇನ್ನೊಂದು 200. ದಿನಸಿ, ಊಟ ಎಲ್ಲ ಸೇರಿ ತಲೆಗೆ ಸಾವಿರ ಯೂರೋ ಹಿಡಿಯಿರಿ. ವಿಮಾನ, ವೀಸಾ ಬೇರೆ. ಇವಲ್ಲದೆ 2,000ರಿಂದ 4,000 ಯೂರೋ ಡಿಪಾಸಿಟ್ ಅನ್ನು ಕ್ರೆಡಿಟ್ ಕಾರ್ಡಿನಲ್ಲಿ ಬ್ಲಾಕ್ ಮಾಡುತ್ತಾರೆ. ನಮ್ಮವರು ಎಡವುವುದು ಇಲ್ಲೇ. ಡೆಬಿಟ್ ಕಾರ್ಡ್ ಸಾಮಾನ್ಯವಾಗಿ ಒಪ್ಪುವುದಿಲ್ಲ, ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಆಗಿರುವುದಿಲ್ಲ, ಇಲ್ಲವೇ ಲಿಮಿಟ್ ಸಾಲುವುದಿಲ್ಲ. ಯೂರೋಗೆ ನೂರು ರೂಪಾಯಿ ಲೆಕ್ಕದಲ್ಲೂ ನಾಲ್ಕು ಲಕ್ಷ ಆಗುತ್ತದೆ. ಬ್ಯಾಂಕಿನಲ್ಲಿ ಮೊದಲೇ ಲಿಮಿಟ್ ಏರಿಸಿಕೊಂಡು ಹೊರಡಿ. ಗ್ರೀಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವಾಸದ ದಾಖಲೆಯಾಗಿ ದೋಣಿಯ ಕರಾರುಪತ್ರದ ಜೊತೆ ಎಲ್ಲರ ಹೆಸರಿರುವ ಕ್ರೂ ಲಿಸ್ಟ್ ಕೇಳಿ ಪಡೆಯಿರಿ. ಬುಕಿಂಗ್‌ಗೆ ಅರ್ಧ ದುಡ್ಡು ಕೊಟ್ಟಮೇಲೆ ಉಳಿದರ್ಧ ಹೊರಡುವ ಒಂದು ತಿಂಗಳು ಮುಂಚೆ ಕೊಡಬೇಕಾಗುತ್ತದೆ. ವೀಸಾ ಅದಕ್ಕೂ ಮುಂಚೆ ಕೈಗೆ ಬರುವ ಹಾಗೆ ನೋಡಿಕೊಳ್ಳಿ.

ವಾರ ಚೆನ್ನಾಗಿ ಕಳೆಯುತ್ತದೋ ಜಗಳದಲ್ಲಿ ಮುಗಿಯುತ್ತದೋ ಎಂಬುದು ಶನಿವಾರ ಸಂಜೆ ದೋಣಿ ವಹಿಸಿಕೊಳ್ಳುವ ಒಂದೆರಡು ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಕಂಪನಿಯವರು ಪಟ್ಟಿ ಹಿಡಿದು ಬರುತ್ತಾರೆ, ಅವತ್ತೇ ಇನ್ನೂ ಹತ್ತಾರು ದೋಣಿ ಒಪ್ಪಿಸಬೇಕಾಗಿರುವುದರಿಂದ ಆತುರದಲ್ಲಿರುತ್ತಾರೆ. ನೀವು ಆತುರಪಡಬೇಡಿ. ಸಹಿ ಹಾಕುವ ಮೊದಲು ಸ್ಕಿಪ್ಪರ್ ಜೊತೆ ನಿಂತು ಇವನ್ನು ನೋಡಿ. ಎಂಜಿನ್ ಶುರು ಮಾಡಿದಾಗ ಹಿಂದಿನ ಕೊಳವೆಯಿಂದ ಹೊಗೆಯ ಜೊತೆ ನೀರು ಬುಳುಬುಳು ಎಂದು ಚಿಮ್ಮಬೇಕು. ಬರದಿದ್ದರೆ ಎಂಜಿನ್ ತಂಪಾಗುತ್ತಿಲ್ಲ ಎಂದೇ ಅರ್ಥ, ತಕ್ಷಣ ನಿಲ್ಲಿಸಬೇಕು. ಲಂಗರಿನ ಸರಪಳಿಯನ್ನು ಮೋಟರಿನಲ್ಲಿ ಹತ್ತು ಮೀಟರ್ ಇಳಿಸಿ ಎತ್ತಿಸಿ. ಈ ಮೋಟರ್ ಬಹಳ ಕರೆಂಟ್ ಎಳೆಯುವುದರಿಂದ ಎಂಜಿನ್ ಓಡುತ್ತಿರುವಾಗಲೇ ಬಳಸಬೇಕು. ಲೋಡ್ ಹೆಚ್ಚಾದರೆ ಬ್ರೇಕರ್ ಟ್ರಿಪ್ ಆಗುತ್ತದೆ, ಆ ಬ್ರೇಕರ್ ಯಾವ ಕ್ಯಾಬಿನ್ನಿನ ಯಾವ ಹಲಗೆಯ ಹಿಂದಿದೆ ಎಂದು ತಿಳಿದುಕೊಂಡಿರಿ. ಹಾಯಿಗಳನ್ನು ಪೂರ್ತಿ ಬಿಚ್ಚಿಸಿ ಹರುಕು ನೋಡಿ. ಡಿಂಗಿಯ ಮೋಟರ್ ಶುರುವಾಗುತ್ತದೆಯೇ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇವೆಯೇ, ಎರಡನೇ ಗ್ಯಾಸ್ ಸಿಲಿಂಡರ್ ತುಂಬಿದೆಯೇ ನೋಡಿ. ಹಿಂಭಾಗದ ಮೂಲೆಗಳಲ್ಲಿ ಗೀರುಗಳಿದ್ದೇ ಇರುತ್ತವೆ. ಒಂದೊಂದನ್ನೂ ಫೋಟೋ ತೆಗೆದು ಪಟ್ಟಿಯಲ್ಲಿ ಬರೆಸಿ. ಡಿಪಾಸಿಟ್ ಕಡಿತವಾಗುವುದು ಹೆಚ್ಚಾಗಿ ಈ ಗೀರಿಗೆ, ಕಳೆದುಹೋದ ಫೆಂಡರ್‌ಗೆ (ದೋಣಿಯ ಬದಿಗೆ ಕಟ್ಟುವ ಗಾಳಿ ತುಂಬಿದ ದಿಂಬು) ಮತ್ತು ಕಟ್ಟಿಕೊಂಡ ಟಾಯ್ಲೆಟ್‌ಗೆ.

ಟಾಯ್ಲೆಟ್ ಕೊಳವೆ ತೀರಾ ಸಣ್ಣದು. ಪೇಪರ್ ಒಳಗೆ ಹಾಕಬಾರದು, ಪಂಪಿನ ಹಿಡಿಯನ್ನು ಇಪ್ಪತ್ತು ಸಲವಾದರೂ ಎಳೆದು ಒತ್ತಬೇಕು. ಅರ್ಧಕ್ಕೇ ಬಿಟ್ಟರೆ ಬಗ್ಗಿದ ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ನೀರಿನ ಟ್ಯಾಂಕ್ 400-500 ಲೀಟರ್. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಬೀದಿಯಲ್ಲಿ ಸಂಪ್ ನೋಡಿಕೊಂಡು ಬಳಸುವ ಹಾಗೆ ಬಳಸಿದರೆ ಮೂರು ದಿನ ಬರುತ್ತದೆ. ಈಜಿ ಬಂದವರು ಒಬ್ಬೊಬ್ಬರೂ ಐದು ನಿಮಿಷ ಶವರ್ ಬಿಟ್ಟರೆ ಎರಡೇ ದಿನಕ್ಕೆ ಖಾಲಿ. ಕುಡಿಯಲು ಈ ನೀರು ಬೇಡ, ತಲೆಗೆ ದಿನಕ್ಕೆ ಎರಡು ಲೀಟರಿನಂತೆ ಬಾಟಲಿ ತುಂಬಿಸಿಕೊಳ್ಳಿ. ದಡದ ಕರೆಂಟ್ ಇಲ್ಲದ ಕಡೆ 12 ವೋಲ್ಟ್ ಬ್ಯಾಟರಿಯೇ ಗತಿ. ಮೊಬೈಲ್‌ಗೆ ಕಾರ್ ಚಾರ್ಜರ್ ತನ್ನಿ, ಮಿಕ್ಸಿ ಮರೆತುಬಿಡಿ.

ಅಡುಗೆಮನೆ ಚಿಕ್ಕದಾದರೂ ಚೊಕ್ಕ. ಎರಡು ಬರ್ನರ್‌ಗಳ ಗ್ಯಾಸ್ ಒಲೆ ತೂಗುಕೀಲಿನ ಮೇಲಿರುತ್ತದೆ; ದೋಣಿ ವಾಲಿದರೂ ಪಾತ್ರೆ ಮಟ್ಟವಾಗಿ ನಿಲ್ಲಲೆಂದು. ಸಾರು, ಅನ್ನಕ್ಕೆ ಇದು ಸರಿ. ಮುದ್ದೆ ತೊಳಸಲು ಹೊರಟರೆ ಮಾತ್ರ ಕೋಲಿನ ಜೊತೆ ಒಲೆಯೇ ತೂಗುತ್ತದೆ. ಲಂಗರು ಹಾಕಿದ ಮೇಲೆ ಒಲೆಯ ಪಕ್ಕದ ಚಿಲಕ ಹಾಕಿ ಅಲುಗದಂತೆ ಮಾಡಿ, ಆಮೇಲೆ ತೊಳಸಿ. ಮೂರು ಲೀಟರ್ ಕುಕ್ಕರ್, ರಾಗಿ ಹಿಟ್ಟು, ಸಾರಿನ ಪುಡಿ, ಚಟ್ನಿಪುಡಿ ಊರಿಂದಲೇ ಒಯ್ಯಿರಿ. ತುಪ್ಪ, ಪೇಡ ಬೇಡ. ಹೊರದೇಶದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಯೂರೋಪಿನ ಒಕ್ಕೂಟ ಬ್ಯಾಗಿನಲ್ಲಿ ತರಲು ಬಿಡುವುದಿಲ್ಲ. ಹಸಿ ಕರಿಬೇವೂ ಬೇಡ. ತಿಪಟೂರಿನ ಕೊಬ್ಬರಿ ಗಿಟುಕನ್ನಂತೂ ಮನೆಯಲ್ಲೇ ಇಡಿ. ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನಯಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಬೆಂಡೆ, ಬದನೆ, ಹುರುಳಿಕಾಯಿ, ಅಕ್ಕಿ ಅಲ್ಲೇ ಸಿಗುತ್ತವೆ. ಅಲ್ಲಿನ ಗಟ್ಟಿ ಮೊಸರಿಗೆ ಎರಡರಷ್ಟು ನೀರು ಬೆರೆಸಿದರೆ ಒಳ್ಳೆಯ ಮಜ್ಜಿಗೆ. ಹೋಟೆಲಿನಲ್ಲಿ ಸಸ್ಯಾಹಾರಿಗಳು ‘ನಿಸ್ತೀಸಿಮಾ’ ಕೇಳಬಹುದು. ಅದು ಅವರ ಉಪವಾಸದ ಅಡುಗೆ, ಮಾಂಸ, ಹಾಲು ಇರುವುದಿಲ್ಲ. ಸಿಗಡಿ, ಸ್ಕ್ವಿಡ್ ಇರಬಹುದಾದ್ದರಿಂದ ಅದನ್ನೂ ಬೇಡವೆಂದು ಬಾಯಿಬಿಟ್ಟು ಹೇಳಿ.

ಏಜಿನಾದ ಪಿಸ್ತಾ ಹೆಸರುವಾಸಿ, ಬಂದರಿನ ಅಂಗಡಿಗಳಲ್ಲೇ ಮಾರುತ್ತಾರೆ. ಪಕ್ಕದ ಪುಟ್ಟ ಮೋನಿ ದ್ವೀಪದಲ್ಲಿ ನವಿಲುಗಳು ಓಡಾಡುತ್ತವೆ, ಮಕ್ಕಳಿಗೆ ಮೊದಲ ಈಜಿಗೆ ಒಳ್ಳೆಯ ಜಾಗ. ಹಳೆ ಎಪಿಡಾರಸ್ ಬಂದರಿನಲ್ಲಿ ಒಂದು ರಾತ್ರಿ ನಿಂತು, ಟ್ಯಾಕ್ಸಿಯಲ್ಲಿ ಕ್ರಿಸ್ತಪೂರ್ವ 4ನೇ ಶತಮಾನದ ಕಲ್ಲಿನ ರಂಗಮಂದಿರಕ್ಕೆ ಹೋಗಿ ಬನ್ನಿ, ಬಿಡಬೇಡಿ. ಹೈಡ್ರಾದಲ್ಲಿ ಕಾರುಗಳಿಲ್ಲ, ಸಾಮಾನು ಹೊರುವುದು ಹೇಸರಗತ್ತೆ. ಊರು ಬಹಳ ಚೆಂದ, ಬಂದರು ಮಾತ್ರ ತಲೆನೋವು. ದೋಣಿಗಳು ಎರಡು ಮೂರು ಸಾಲಾಗಿ ನಿಂತು ಒಂದರ ಸರಪಳಿಯ ಮೇಲೆ ಇನ್ನೊಂದರ ಲಂಗರು ಬಿದ್ದಿರುತ್ತದೆ, ಬೆಳಿಗ್ಗೆ ಬಿಡಿಸಿಕೊಳ್ಳುವುದಕ್ಕೇ ಗಂಟೆ ಬೇಕು. ಎದುರು ದಡದ ಎರ್ಮಿಯೋನಿಯಲ್ಲಿ ದೋಣಿ ಕಟ್ಟಿ ಹೈಡ್ರಾಕ್ಕೆ ಫೆರ‍್ರಿಯಲ್ಲಿ ಹೋಗಿಬರುವುದು ಜಾಣತನ.

ಬೀಚುಗಳ ಹತ್ತಿರ ಈಜುವವರ ಜಾಗಕ್ಕೆ ತೇಲುಬುರುಡೆಗಳ ಸಾಲು ಹಾಕಿರುತ್ತಾರೆ. ಯಾಟ್ ಅದರಾಚೆಗೇ ನಿಲ್ಲಬೇಕು, ದಡಕ್ಕೆ ಡಿಂಗಿಯಲ್ಲಿ ಹೋಗಬೇಕು. ಲಂಗರು ಬೀಳಬೇಕಾದದ್ದು ತಿಳಿ ಬಣ್ಣದಲ್ಲಿ ಕಾಣುವ ಮರಳಿನ ಮೇಲೆ. ಕಪ್ಪಗೆ ಕಾಣುವುದು ಪಾಸಿಡೋನಿಯಾ ಎಂಬ ಕಡಲ ಹುಲ್ಲು. ಅಲ್ಲಿ ಲಂಗರು ಜಾರುತ್ತದೆ, ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕಾದ ಆ ಹುಲ್ಲೂ ಕಿತ್ತುಬರುತ್ತದೆ. ಐದು ಮೀಟರ್ ಆಳಕ್ಕೆ ಕನಿಷ್ಠ ಇಪ್ಪತ್ತೈದು ಮೀಟರ್ ಸರಪಳಿ ಬಿಡಿಸಿ. ಸ್ಕಿಪ್ಪರ್ ಕಮ್ಮಿ ಬಿಟ್ಟರೆ ಕೇಳಲು ಸಂಕೋಚಪಡಬೇಡಿ.

ಬಂದರಿನಲ್ಲಿ ದೋಣಿ ಹಿಂದೆ ಹಿಂದೆ ಬಂದು ಕಟ್ಟೆಗೆ ತಾಗುವ ಹೊತ್ತಿನಲ್ಲಿ ಯಾರೂ ಕೈ ಕಾಲು ಅಡ್ಡ ಕೊಡಬಾರದು. ಹತ್ತು ಟನ್ ತೂಕ ಮೆಲ್ಲಗೆ ಬಂದರೂ ಮೂಳೆ ಮುರಿಯುತ್ತದೆ, ಒತ್ತು ತಡೆಯಲು ಫೆಂಡರ್ ಇದೆ. ಇಳಿಯುವ ಹಲಗೆ ಒಂದಡಿ ಅಗಲದ್ದು. ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವ ಮುಂಚೆ ಇದನ್ನು ಯೋಚಿಸಿ. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹೊರಡುವ ಒಂದೆರಡು ಗಂಟೆ ಮುಂಚೆಯೇ ನುಂಗಬೇಕು, ಸಂಕಟ ಶುರುವಾದ ಮೇಲೆ ಕೆಲಸ ಮಾಡದು. ಗ್ರೀಸಿನ ಕರಾವಳಿ ಪಡೆಯ ತುರ್ತು ನಂಬರ್ 108, ನಮ್ಮ ಆಂಬುಲೆನ್ಸಿನದ್ದೇ ಸಂಖ್ಯೆ, ಹಾಗಾಗಿ ಎಲ್ಲರಿಗೂ ನೆನಪಿರುತ್ತದೆ.

ಶುಕ್ರವಾರ ಮಧ್ಯಾಹ್ನ ಮೂರಕ್ಕೇ ಅಲಿಮೋಸ್ ತಲುಪಿ. ಐದರ ನಂತರ ಡೀಸೆಲ್ ಹಾಕಿಸಲು ದೋಣಿಗಳ ಸಾಲು ನಿಲ್ಲುತ್ತದೆ, ಟ್ಯಾಂಕ್ ತುಂಬಿಸದೆ ಒಪ್ಪಿಸಿದರೆ ಕಂಪನಿ ತನ್ನ ದರ ಹಾಕುತ್ತದೆ. ಕಂಪನಿಯವರು ದೋಣಿಯ ತಳವನ್ನು ಪರೀಕ್ಷಿಸುವಾಗ ನೀವೂ ಅಲ್ಲೇ ಇರಿ. ಡಿಪಾಸಿಟ್ ಬಿಡುಗಡೆಯ ಚೀಟಿ ಕೈಗೆ ಬಂದ ಮೇಲೇ ಟ್ಯಾಕ್ಸಿ ಕರೆಯಿರಿ.